ಯಾವ ಕೆಲಸ ಯಾವ ಯಂತ್ರಕ್ಕೆ? ಎರಡು ಊರಿನಲ್ಲಿ ಒಂದು ಕ್ಲಸ್ಟರ್ ನಡೆಸುವವರಿಗೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ನಡುದಾರಿಯಲ್ಲಿ ಮಾಚೇನಹಳ್ಳಿಯ ಐಟಿ ಪಾರ್ಕ್ ಸಿಗುತ್ತದೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ 1980ರಲ್ಲಿ ಆರಂಭವಾದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿದೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಸಾಫ್ಟ್‌ವೇರ್ ಬಲ್ಲ ಹುಡುಗ ಹುಡುಗಿಯರಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಕೋವಿಡ್ ವರ್ಷಗಳಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದು ಇಲ್ಲೇ ಕೆಲಸ ಮುಂದುವರಿಸಿದವರೂ ಇದ್ದಾರೆ. ಇಂಥವರು ತಿಂಗಳು ತಿಂಗಳು ಕ್ಲೌಡ್ ಬಾಡಿಗೆ ಕಟ್ಟುವ ಬದಲು ನಾಲ್ಕೈದು ಹಳೆಯ ಡೆಸ್ಕ್‌ಟಾಪ್‌ಗಳನ್ನು ಜೋಡಿಸಿ ತಮ್ಮದೇ ಕ್ಲಸ್ಟರ್ ಮಾಡಿಕೊಳ್ಳುವುದು ಖಂಡಿತ ಸಾಧ್ಯ. ಜೋಡಿಸುವುದು ಒಂದು ಸಂಜೆಯ ಕೆಲಸ. ಜೋಡಿಸಿದ ಮೇಲೆ ಯಾವ ಕೆಲಸ ಯಾವ ಯಂತ್ರದಲ್ಲಿ ನಡೆಯಬೇಕೆಂದು ಹೇಳಿಕೊಡುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ಲೇಖನ ಅದರ ಬಗ್ಗೆ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಶಿವಮೊಗ್ಗದ ವಿನೋಬನಗರದ ಒಂದು ಕೋಣೆಯಲ್ಲಿ ನಾಲ್ಕು ಯಂತ್ರಗಳಿವೆ ಎಂದುಕೊಳ್ಳಿ: ತುಂಗಾ-1ರಿಂದ ತುಂಗಾ-4. ಮೊದಲ ಮೂರು ಸಾಧಾರಣ ಡೆಸ್ಕ್‌ಟಾಪ್‌ಗಳು, ಎಸ್‌ಎಸ್‌ಡಿ ಇದೆ, ಇನ್ವರ್ಟರ್ ಮೇಲೆ ನಡೆಯುತ್ತವೆ. ನಾಲ್ಕನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ. ಅದು ಎಳೆಯುವ ಕರೆಂಟನ್ನು ಮನೆಯ ಇನ್ವರ್ಟರ್ ತಡೆದುಕೊಳ್ಳುವುದಿಲ್ಲ, ಹಾಗಾಗಿ ಅದು ನೇರ ಲೈನ್ ಮೇಲಿದೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಇನ್ನೆರಡು: ದೊಡ್ಡ ಹಾರ್ಡ್‌ಡಿಸ್ಕ್ ಇರುವ ಭದ್ರಾ-1, ಅಂಗೈಯಗಲದ ರಾಸ್ಪ್‌ಬೆರಿ ಪೈ ಆದ ಭದ್ರಾ-2. ಇವುಗಳ ಮೇಲೆ ನಡೆಯಬೇಕಾದ ಕೆಲಸ ನಾಲ್ಕು. ಅಡಿಕೆಯ ರಾಶಿ, ಬೆಟ್ಟೆ, ಗೊರಬಲು, ಸರಕಿನ ದಿನದ ಧಾರಣೆ ತೋರಿಸುವ ವೆಬ್‌ಸೈಟು ಒಂದು. ಅದರ ಡೇಟಾಬೇಸ್ ಇನ್ನೊಂದು. ಎಲೆಚುಕ್ಕೆ ರೋಗ ತಗುಲಿದ ಅಡಿಕೆ ಸೋಗೆಯ ಫೋಟೋಗಳಿಂದ ರೋಗ ಗುರುತಿಸಲು ಕಲಿಯುವ ಮಾದರಿಯ ತರಬೇತಿ ಮೂರನೆಯದು. ರಾತ್ರಿ ಹೊತ್ತು ಎಲ್ಲದರ ಬ್ಯಾಕಪ್ ತೆಗೆಯುವುದು ನಾಲ್ಕನೆಯದು.

ಈ ಆರು ಯಂತ್ರಗಳನ್ನು ಕುಬರ್ನೆಟಿಸ್ ಎಂಬ ಕ್ಲಸ್ಟರ್ ನಡೆಸುವ ತಂತ್ರಾಂಶಕ್ಕೆ ಸೇರಿಸಿ ಸುಮ್ಮನೆ ಬಿಟ್ಟರೆ ಏನಾಗುತ್ತದೆ? ಅದರೊಳಗಿನ ಶೆಡ್ಯೂಲರ್ ಎಂಬ ಭಾಗ ಪ್ರತಿ ಪಾಡ್‌ಗೂ, ಅಂದರೆ ಒಟ್ಟಿಗೆ ಓಡಬೇಕಾದ ಕಂಟೈನರ್‌ಗಳ ಪ್ರತಿ ಗುಂಪಿಗೂ, ಒಂದು ಯಂತ್ರ ಹುಡುಕುತ್ತದೆ. ಆಗದ ಯಂತ್ರಗಳನ್ನು ಮೊದಲು ಸೋಸಿ ತೆಗೆಯುತ್ತದೆ, ಉಳಿದವುಗಳಿಗೆ ಅಂಕ ಕೊಡುತ್ತದೆ, ಹೆಚ್ಚು ಅಂಕ ಬಂದಲ್ಲಿಗೆ ಪಾಡ್ ಕಳಿಸುತ್ತದೆ. ಅದು ನೋಡುವುದು ಮುಖ್ಯವಾಗಿ ಪ್ರೊಸೆಸರ್ ಮತ್ತು ಮೆಮೊರಿಯ ಲೆಕ್ಕ. ತುಂಗಾ-4ಕ್ಕೆ ಬ್ಯಾಟರಿ ಇಲ್ಲವೆಂದು ಅದಕ್ಕೆ ತಿಳಿಯದು. ಭದ್ರಾವತಿ ಬೇರೆ ಊರೆಂದೂ ತಿಳಿಯದು. ಡೇಟಾಬೇಸನ್ನು ಬ್ಯಾಟರಿ ಇಲ್ಲದ ಯಂತ್ರದಲ್ಲಿ ಕೂರಿಸಿ ವೆಬ್‌ಸೈಟಿನ ಎಲ್ಲ ಪ್ರತಿಗಳನ್ನೂ ಒಂದೇ ಊರಿನಲ್ಲಿ ಇಟ್ಟರೂ ಅದರ ದೃಷ್ಟಿಯಲ್ಲಿ ಎಲ್ಲವೂ ಸರಿ. ನಮ್ಮ ಕೋಣೆಯ ಸತ್ಯವನ್ನು ಅದಕ್ಕೆ ಬರೆದು ಕೊಡಬೇಕಾದವರು ನಾವು.

ಇಷ್ಟು ದೊಡ್ಡ ವ್ಯವಸ್ಥೆ ಇಷ್ಟು ಸಣ್ಣ ಜಾಗಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. ಗೂಗಲ್ ತನ್ನ ಡೇಟಾ ಸೆಂಟರ್‌ಗಳಲ್ಲಿ ಬೋರ್ಗ್ ಎಂಬ ವ್ಯವಸ್ಥೆ ನಡೆಸಿ ಕಲಿತದ್ದರ ಮೇಲೆ ಕುಬರ್ನೆಟಿಸ್ ಕಟ್ಟಿ 2014ರ ಜೂನ್‌ನಲ್ಲಿ ಎಲ್ಲರಿಗೂ ಬಿಟ್ಟಿತು. 2015ರ ಜುಲೈನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಷನ್ ನಗರಾಡಳಿತಕ್ಕೆಂದು ಮಾಡಿದ ಡಿಜಿಟ್ ವೇದಿಕೆ ನಡೆಯುವುದು ಇದರ ಮೇಲೆಯೇ. ಆದರೆ ಇದು ದೊಡ್ಡವರಿಗಷ್ಟೇ ಅಲ್ಲ: ಚಿಕ್ಕ ಯಂತ್ರಗಳಿಗಾಗಿ ಇದರ ಹಗುರ ರೂಪ ಕೆ3ಎಸ್ 2019ರಲ್ಲಿ ಬಂತು, ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಬೇರೆಯಾಗಿ ಹೇಳಿದ ಕಡೆ ಬಿಟ್ಟರೆ ಮುಂದೆ ಹೇಳುವುದೆಲ್ಲ ಎರಡಕ್ಕೂ ಅನ್ವಯಿಸುತ್ತದೆ.

ಮೊದಲು ಲೇಬಲ್

ಯಂತ್ರಕ್ಕೆ, ಕುಬರ್ನೆಟಿಸ್ ಭಾಷೆಯಲ್ಲಿ ‘ನೋಡ್’ಗೆ, ಲೇಬಲ್ ಎಂಬ ಗುರುತುಚೀಟಿ ಅಂಟಿಸುವುದು ‘ಕುಬ್‌ಸಿಟಿಎಲ್’ ಎಂಬ ಆಜ್ಞಾ ಸಾಧನದಲ್ಲಿ ಒಂದೇ ಸಾಲಿನ ಕೆಲಸ:

ಕುಬ್‌ಸಿಟಿಎಲ್ ಲೇಬಲ್ ನೋಡ್ ಭದ್ರಾ-1 ಡಿಸ್ಕ್=ದೊಡ್ಡದು

ಇಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಲೇಬಲ್‌ನ ಮೌಲ್ಯದಲ್ಲಿ, ಅಂದರೆ ‘=’ ಚಿಹ್ನೆಯ ನಂತರದ ಭಾಗದಲ್ಲಿ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ, ಚುಕ್ಕಿಗಳಿಗೆ ಮಾತ್ರ ಜಾಗ. ಆ ಭಾಗ 63 ಅಕ್ಷರ ಮೀರುವಂತಿಲ್ಲ.

ಲೇಬಲ್‌ನಲ್ಲಿ ಏನು ಬರೆಯಬೇಕು ಎನ್ನುವುದು ಆಜ್ಞೆಗಿಂತ ಮುಖ್ಯ. ಬಹಳ ಜನ ‘ಡೇಟಾಬೇಸ್‌ಗೆ=ಹೌದು’ ಎಂದು ಬರೆಯುತ್ತಾರೆ. ಅದು ನಮ್ಮ ಇಚ್ಛೆಯೇ ಹೊರತು ಯಂತ್ರದ ಗುಣವಲ್ಲ. ಆರು ತಿಂಗಳ ಬಳಿಕ ಹೊಸ ಯಂತ್ರ ಬಂದಾಗ ಅದಕ್ಕೆ ಈ ಲೇಬಲ್ ಹಾಕಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬದಲಿಗೆ ಯಂತ್ರದ ಬಗ್ಗೆ ನಿಜ ಸಂಗತಿ ಬರೆಯಿರಿ: ‘ಡಿಸ್ಕ್=ಎಸ್‌ಎಸ್‌ಡಿ’, ‘ಬ್ಯಾಟರಿ-ನಿಮಿಷ=90’. ಬ್ಯಾಟರಿ ಎಷ್ಟು ನಿಮಿಷ ಬರುತ್ತದೆ ಎಂಬುದನ್ನು ಅಂಕಿಯಲ್ಲೇ ಬರೆದರೆ ಮುಂದೆ ‘60ಕ್ಕಿಂತ ಹೆಚ್ಚಿರುವ ಯಂತ್ರ ಬೇಕು’ ಎಂದು ಕೇಳಬಹುದು. ಡೇಟಾಬೇಸ್‌ಗೆ ಎಸ್‌ಎಸ್‌ಡಿ ಬೇಕು, ಒಂದು ಗಂಟೆಯ ಬ್ಯಾಟರಿ ಬೇಕು ಎಂಬ ಬೇಡಿಕೆ ಡೇಟಾಬೇಸ್ ಪಾಡ್‌ನ ವಿವರ ಬರೆಯುವ ಕಡತದಲ್ಲಿ ಇರಲಿ. ಯಂತ್ರದ ಸಂಗತಿ ಯಂತ್ರದ ಮೇಲೆ, ಕೆಲಸದ ಬೇಡಿಕೆ ಕೆಲಸದ ಮೇಲೆ: ಈ ಎರಡನ್ನು ಬೆರೆಸದಿದ್ದರೆ ಅರ್ಧ ತಲೆನೋವು ಕಳೆಯುತ್ತದೆ. ಬ್ಯಾಟರಿ ಹಳತಾಗಿ 90 ನಿಮಿಷ 40ಕ್ಕೆ ಇಳಿದಾಗ ಲೇಬಲ್ ತಿದ್ದಲು ಮರೆಯಬಾರದು ಅಷ್ಟೆ.

ಕೆಲವು ಲೇಬಲ್‌ಗಳನ್ನು ಕುಬರ್ನೆಟಿಸ್ ತಾನೇ ಹಾಕಿಕೊಂಡಿರುತ್ತದೆ: ಯಂತ್ರದ ಹೆಸರು, ಆಪರೇಟಿಂಗ್ ಸಿಸ್ಟಂ, ಪ್ರೊಸೆಸರ್ ಜಾತಿ. ಈ ಕೊನೆಯದು ನಮ್ಮ ಭದ್ರಾ-2ಕ್ಕೆ ಮುಖ್ಯ. ಡೆಸ್ಕ್‌ಟಾಪ್‌ಗಳು ಎಎಮ್‌ಡಿ64 ಜಾತಿಯವು, ಪೈ ಎಆರ್‌ಎಂ64. ಒಂದು ಜಾತಿಗೆ ಕಟ್ಟಿದ ಕಂಟೈನರ್ ಇನ್ನೊಂದರಲ್ಲಿ ಓಡುವುದಿಲ್ಲ, ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಹೇಳಿ ಬೀಳುತ್ತದೆ. ಎರಡಕ್ಕೂ ಕಟ್ಟಿ, ಇಲ್ಲವೇ ಜಾತಿಯ ಲೇಬಲ್ ಹಿಡಿದು ಯಂತ್ರ ಆರಿಸಿ. ಊರನ್ನು ಗುರುತಿಸಲು ಹೊಸ ಹೆಸರು ಹುಡುಕಬೇಡಿ. ಅದಕ್ಕೆಂದೇ ‘ಟೋಪಾಲಜಿ.ಕುಬರ್ನೆಟಿಸ್.ಐಒ/ಝೋನ್’ ಎಂಬ ಸಿದ್ಧ ಲೇಬಲ್ ಇದೆ. ಅದರಲ್ಲಿ ಶಿವಮೊಗ್ಗ, ಭದ್ರಾವತಿ ಎಂದು ಬರೆದರೆ ಝೋನ್‌ಗಳನ್ನು ಅರಿತಿರುವ ಉಳಿದ ಭಾಗಗಳೂ ಅದನ್ನೇ ಓದುತ್ತವೆ.

ಕರೆಯುವ ಮೂರು ಬಗೆ

ಪಾಡ್ ಇಂಥ ಯಂತ್ರಕ್ಕೇ ಹೋಗಲಿ ಎನ್ನಲು ಮೂರು ದಾರಿಗಳಿವೆ. ‘ನೋಡ್‌ನೇಮ್’ ಎಂದು ಯಂತ್ರದ ಹೆಸರನ್ನೇ ಬರೆಯುವುದು ಒಂದು. ಇದನ್ನು ಬಿಟ್ಟುಬಿಡಿ. ಇದರಲ್ಲಿ ಶೆಡ್ಯೂಲರ್‌ಗೆ ಕೆಲಸವೇ ಇಲ್ಲ, ಜಾಗ ಇದೆಯೋ ಇಲ್ಲವೋ ಅದು ನೋಡುವುದಿಲ್ಲ, ಆ ಯಂತ್ರ ಹೋದರೆ ಪಾಡ್‌ಗೆ ಬೇರೆ ಗತಿಯಿಲ್ಲ.

‘ನೋಡ್‌ಸೆಲೆಕ್ಟರ್’ ಎರಡನೆಯದು. ‘ಡಿಸ್ಕ್: ಎಸ್‌ಎಸ್‌ಡಿ’ ಎಂದು ಒಂದು ಸಾಲು ಬರೆದರೆ ಆ ಲೇಬಲ್ ಇರುವ ಯಂತ್ರಕ್ಕೆ ಮಾತ್ರ ಪಾಡ್ ಹೋಗುತ್ತದೆ. ಎರಡು ಸಾಲು ಬರೆದರೆ ಎರಡೂ ಇರಬೇಕು. ಸಣ್ಣ ಕ್ಲಸ್ಟರ್‌ನ ಬಹುಪಾಲು ಅಗತ್ಯ ಇಷ್ಟರಲ್ಲೇ ತೀರುತ್ತದೆ. ತೀರುವಷ್ಟು ಕಾಲ ಮುಂದಕ್ಕೆ ಹೋಗಬೇಡಿ.

ಮೂರನೆಯದಾದ ‘ನೋಡ್ ಅಫಿನಿಟಿ’ ಬೇಕಾಗುವುದು ‘ಇದು ಅಥವಾ ಅದು’, ‘ಇದಲ್ಲದ್ದು’, ‘ಇಷ್ಟಕ್ಕಿಂತ ಹೆಚ್ಚು’ ಎಂದು ಕೇಳಬೇಕಾದಾಗ. ಇದರಲ್ಲಿ ಕಡ್ಡಾಯದ ಷರತ್ತು ಬೇರೆ, ಸಿಕ್ಕರೆ ಒಳ್ಳೆಯದು ಎಂಬ ಷರತ್ತು ಬೇರೆ. ಎರಡನೆಯದಕ್ಕೆ 1ರಿಂದ 100ರವರೆಗೆ ತೂಕ ಕೊಡಬಹುದು. ಬ್ಯಾಕಪ್ ಕೆಲಸಕ್ಕೆ ದೊಡ್ಡ ಡಿಸ್ಕ್ ಕಡ್ಡಾಯ. ವೆಬ್‌ಸೈಟ್‌ಗೆ ಬ್ಯಾಟರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯಲಿ. ಕಡ್ಡಾಯ ಷರತ್ತನ್ನು ಜಿಪುಣತನದಿಂದ ಬಳಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರತಿಯೊಂದು ಕಡ್ಡಾಯವೂ ತೊಂದರೆಯ ದಿನ ಪಾಡ್‌ಗೆ ಜಾಗವೇ ಸಿಗದಂತೆ ಮಾಡುವ ಒಂದು ಕಾರಣ.

ಇನ್ನೊಂದು ಮಾತು. ಪಾಡ್ ಒಂದು ಯಂತ್ರದಲ್ಲಿ ಕೂತ ಮೇಲೆ ನೀವು ಲೇಬಲ್ ಬದಲಾಯಿಸಿದರೆ ಅದು ಎದ್ದು ಹೋಗುವುದಿಲ್ಲ. ಷರತ್ತು ನೋಡುವುದು ಕೂರಿಸುವಾಗ ಮಾತ್ರ. ಲೇಬಲ್ ತಿದ್ದಿದ ಬಳಿಕ ಪಾಡ್‌ಗಳನ್ನು ಹೊಸದಾಗಿ ಎಬ್ಬಿಸಿದರೆ ಹೊಸ ಲೆಕ್ಕ ಜಾರಿಗೆ ಬರುತ್ತದೆ.

ಡೇಟಾಬೇಸಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಕೆ3ಎಸ್‌ನಲ್ಲಿ ಬೇರೇನೂ ಹೇಳದಿದ್ದರೆ ಡೇಟಾ ಉಳಿಯುವುದು ಆಯಾ ಯಂತ್ರದ ಡಿಸ್ಕಿನಲ್ಲೇ. ಪಾಡ್ ಮೊದಲ ಸಲ ಎಲ್ಲಿ ಕೂರುತ್ತದೋ ಅಲ್ಲಿ ಆ ಜಾಗ ಹುಟ್ಟುತ್ತದೆ, ಆಮೇಲೆ ಆ ಪಾಡ್ ಆ ಯಂತ್ರಕ್ಕೇ ಕಟ್ಟಿಬೀಳುತ್ತದೆ. ಮೊದಲ ದಿನ ಷರತ್ತು ಬರೆಯದೆ ಡೇಟಾಬೇಸ್ ಶುರು ಮಾಡಿ, ಅದು ಬ್ಯಾಟರಿ ಇಲ್ಲದ ತುಂಗಾ-4ರಲ್ಲಿ ಕೂತರೆ, ಮಾರನೆಯ ದಿನ ‘ಬ್ಯಾಟರಿ ಇರುವಲ್ಲಿಗೆ ಹೋಗು’ ಎಂದು ಬರೆದೇನೂ ಪ್ರಯೋಜನವಿಲ್ಲ. ಡಿಸ್ಕ್ ತುಂಗಾ-4 ಎನ್ನುತ್ತದೆ, ಷರತ್ತು ತುಂಗಾ-1 ಎನ್ನುತ್ತದೆ, ಪಾಡ್ ಎಲ್ಲೂ ಹೋಗದೆ ಕಾಯುತ್ತ ಕೂರುತ್ತದೆ. ಡೇಟಾ ತೆಗೆದು ಬೇರೆಡೆ ತುಂಬುವುದೊಂದೇ ದಾರಿ. ಹಾಗಾಗಿ ಡೇಟಾ ಇಟ್ಟುಕೊಳ್ಳುವ ಯಾವುದೇ ಕೆಲಸವನ್ನು ಮೊದಲ ಸಲ ಶುರು ಮಾಡುವ ಮುನ್ನವೇ ಅದರ ಜಾಗದ ಷರತ್ತು ಬರೆದಿರಬೇಕು.

ಪ್ರೊಸೆಸರ್, ಮೆಮೊರಿಯ ಬೇಡಿಕೆಯನ್ನೂ ಪ್ರತಿ ಪಾಡ್‌ನಲ್ಲಿ ಬರೆಯಿರಿ. ಶೆಡ್ಯೂಲರ್ ಲೆಕ್ಕ ಹಿಡಿಯುವುದು ಬರೆದಿಟ್ಟ ಬೇಡಿಕೆಯನ್ನೇ, ನಿಜವಾಗಿ ಎಷ್ಟು ಬಳಕೆಯಾಗುತ್ತಿದೆ ಎಂಬುದನ್ನಲ್ಲ. ಬೇಡಿಕೆಯನ್ನೇ ಬರೆಯದ ಪಾಡ್‌ಗಳನ್ನು ಅದು ಹಗುರವೆಂದು ತಿಳಿದು ಒಂದೇ ಯಂತ್ರದಲ್ಲಿ ಪೇರಿಸಿಬಿಡಬಹುದು.

ದೂರ ಇಡುವುದು

ಲೇಬಲ್ ಕರೆಯುತ್ತದೆ, ಆದರೆ ಬೇಡದವರನ್ನು ತಡೆಯುವುದಿಲ್ಲ. ತರಬೇತಿ ಕೆಲಸವನ್ನು ತುಂಗಾ-4ಕ್ಕೆ ಕರೆದ ಮಾತ್ರಕ್ಕೆ ವೆಬ್‌ಸೈಟಿನ ಪಾಡ್‌ಗಳು ಅಲ್ಲಿಗೆ ಹೋಗಿ ಮೆಮೊರಿ ತುಂಬುವುದು ನಿಲ್ಲುವುದಿಲ್ಲ. ತಡೆಯಲು ಇರುವ ಉಪಾಯ ‘ಟೇಂಟ್’. ಯಂತ್ರದ ಮೇಲೆ ಟೇಂಟ್ ಹಾಕಿದರೆ ಅದನ್ನು ಸಹಿಸುತ್ತೇನೆ ಎಂದು ಬರೆದುಕೊಂಡ ಪಾಡ್‌ಗಳಿಗೆ ಮಾತ್ರ ಅಲ್ಲಿ ಪ್ರವೇಶ. ಆ ಬರಹದ ಹೆಸರು ‘ಟಾಲರೇಷನ್’.

ಇಲ್ಲಿ ಆಗುವ ಗೊಂದಲವನ್ನು ಬಸ್ಸಿನ ಮಹಿಳಾ ಮೀಸಲು ಸೀಟು ಬಿಡಿಸಿ ಹೇಳುತ್ತದೆ. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಲ್ಲಿ ಗಂಡಸರು ಕೂರುವಂತಿಲ್ಲ. ಆದರೆ ಹತ್ತಿದ ಹೆಂಗಸರೆಲ್ಲ ಅಲ್ಲೇ ಕೂರಬೇಕೆಂದೇನಿಲ್ಲ, ಬೇರೆ ಸೀಟಿನಲ್ಲೂ ಕೂರಬಹುದು. ಟೇಂಟ್ ಆ ಬರಹ. ಟಾಲರೇಷನ್ ಅಲ್ಲಿ ಕೂರುವ ಹಕ್ಕು, ಅಲ್ಲೇ ಕೂರಬೇಕೆಂಬ ಕಟ್ಟಳೆ ಅಲ್ಲ. ಟಾಲರೇಷನ್ ಬರೆದ ತಕ್ಷಣ ಪಾಡ್ ಆ ಯಂತ್ರಕ್ಕೇ ಹೋಗುತ್ತದೆ ಎಂದುಕೊಳ್ಳುವುದು ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ತಿಳಿವಳಿಕೆ. ಒಂದು ಯಂತ್ರವನ್ನು ಒಂದು ಕೆಲಸಕ್ಕೇ ಮೀಸಲಿಡಬೇಕೆಂದರೆ ಎರಡೂ ಬೇಕು. ಬೇಡದವರನ್ನು ಟೇಂಟ್ ತಡೆಯಲಿ, ಬೇಕಾದವರನ್ನು ಲೇಬಲ್ ಕರೆಯಲಿ. ಭದ್ರಾ-1ನ್ನು ಬ್ಯಾಕಪ್‌ಗೆಂದೇ ಇಡುವುದಾದರೆ ಅದರ ಮೇಲೆ ಟೇಂಟ್ ಹಾಕಿ, ಬ್ಯಾಕಪ್ ಪಾಡ್‌ನಲ್ಲಿ ಟಾಲರೇಷನ್ ಜೊತೆಗೆ ‘ಡಿಸ್ಕ್: ದೊಡ್ಡದು’ ಎಂಬ ಸೆಲೆಕ್ಟರನ್ನೂ ಬರೆಯಿರಿ.

ಟೇಂಟ್‌ನ ಪರಿಣಾಮ ಮೂರು ಬಗೆ. ‘ನೋ ಷೆಡ್ಯೂಲ್’ ಹೊಸಬರನ್ನು ಬಿಡುವುದಿಲ್ಲ, ಇದ್ದವರನ್ನು ಮುಟ್ಟುವುದಿಲ್ಲ. ‘ಪ್ರಿಫರ್ ನೋ ಷೆಡ್ಯೂಲ್’ ಸಾಧ್ಯವಾದಷ್ಟು ತಪ್ಪಿಸುತ್ತದೆ, ಬೇರೆ ಜಾಗವೇ ಇಲ್ಲದಾಗ ಒಳಗೆ ಬಿಡುತ್ತದೆ. ‘ನೋ ಎಕ್ಸಿಕ್ಯೂಟ್’ ಒಳಗಿರುವವರನ್ನೂ ಹೊರಗೆ ಹಾಕುತ್ತದೆ. ಕೆಲಸ ನಡೆಯುತ್ತಿರುವ ಯಂತ್ರದ ಮೇಲೆ ಮೂರನೆಯದನ್ನು ಹಾಕುವ ಮುನ್ನ ಎರಡು ಸಲ ಯೋಚಿಸಿ.

ಗ್ರಾಫಿಕ್ಸ್ ಯಂತ್ರದ ಲೆಕ್ಕ ಸ್ವಲ್ಪ ಬೇರೆ. ತರಬೇತಿ ಪಾಡ್‌ನಲ್ಲಿ ‘ಎನ್‌ವಿಡಿಯಾ.ಕಾಮ್/ಜಿಪಿಯು: 1’ ಎಂದು ಮಿತಿಯ ಭಾಗದಲ್ಲಿ ಬರೆದರೆ ಕಾರ್ಡ್ ಇರುವ ಯಂತ್ರಕ್ಕೆ ಬಿಟ್ಟು ಬೇರೆಲ್ಲಿಗೂ ಅದು ಹೋಗಲಾರದು, ಬೇರೆ ಸೆಲೆಕ್ಟರ್ ಬೇಕಿಲ್ಲ. ಉಳಿದವರನ್ನು ತಡೆಯುವ ಟೇಂಟ್, ತರಬೇತಿ ಪಾಡ್‌ನಲ್ಲಿ ಅದರ ಟಾಲರೇಷನ್ ಇಷ್ಟು ಮಾತ್ರ ಬೇಕು. ಆ ಟೇಂಟ್‌ಗೆ ಇದೇ ‘ಎನ್‌ವಿಡಿಯಾ.ಕಾಮ್/ಜಿಪಿಯು’ ಹೆಸರನ್ನೇ ಕೊಡಿ. ಕಾರ್ಡನ್ನು ಕ್ಲಸ್ಟರ್‌ಗೆ ಪರಿಚಯಿಸುವ ಎನ್‌ವಿಡಿಯಾದ ಪ್ಲಗಿನ್ ಈ ಹೆಸರಿನ ಟೇಂಟನ್ನು ಮೊದಲೇ ಸಹಿಸುತ್ತದೆ. ನಿಮ್ಮದೇ ಬೇರೆ ಹೆಸರಿಟ್ಟರೆ ಪ್ಲಗಿನ್ನೇ ಹೊರಗುಳಿದು, ಕಾರ್ಡ್ ಇದ್ದೂ ಇಲ್ಲದಂತಾಗುತ್ತದೆ. ಎಲ್ಲ ಯಂತ್ರಗಳಲ್ಲೂ ಓಡಬೇಕಾದ ನಿಗಾ, ಲಾಗ್ ಸಂಗ್ರಹದ ಡೀಮನ್‌ಸೆಟ್‌ಗಳಿಗೂ ನಿಮ್ಮ ಟೇಂಟ್‌ಗಳ ಟಾಲರೇಷನ್ ಸೇರಿಸಬೇಕು.

ಯಂತ್ರಕ್ಕೆ ಬ್ಯಾಟರಿ ಇಲ್ಲದಿರುವುದರಿಂದ ತರಬೇತಿ ನಡುವೆಯೇ ನಿಲ್ಲುತ್ತದೆ ಎಂದು ಗೊತ್ತಿದ್ದೇ ಕಟ್ಟಿ. ಅರ್ಧ ಗಂಟೆಗೊಮ್ಮೆ ಮಾದರಿಯ ಸ್ಥಿತಿಯನ್ನು ಬರೆದಿಟ್ಟು, ಮತ್ತೆ ಎದ್ದಾಗ ಅಲ್ಲಿಂದಲೇ ಮುಂದುವರಿಯುವಂತೆ ಪ್ರೋಗ್ರಾಂ ಇದ್ದರೆ ನಷ್ಟ ಅರ್ಧ ಗಂಟೆಯದು ಮಾತ್ರ.

ಕರೆಂಟು ಹೋದಾಗ

ಮಲೆನಾಡಿನ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ಇದ್ದದ್ದೇ. ದೊಡ್ಡ ಡೇಟಾ ಸೆಂಟರ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದ ಪಾಠಗಳು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನಮಗೆ ಇದೇ ಮುಖ್ಯ ಅಧ್ಯಾಯ.

ಒಂದು ಯಂತ್ರ ಸದ್ದಿಲ್ಲದೆ ಆರಿಹೋಯಿತು ಎನ್ನಿ. ಕುಬರ್ನೆಟಿಸ್‌ಗೆ ಅದು ತಿಳಿಯಲು ಆವೃತ್ತಿಗೆ ತಕ್ಕಂತೆ 40ರಿಂದ 50 ಸೆಕೆಂಡು ಹಿಡಿಯುತ್ತದೆ. ಆಗ ಅದು ತಾನೇ ಆ ಯಂತ್ರದ ಮೇಲೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬರ್ಥದ ಟೇಂಟ್ ಹಾಕುತ್ತದೆ. ಆದರೆ ಸಾಮಾನ್ಯವಾಗಿ ಪ್ರತಿ ಪಾಡ್‌ಗೂ ಈ ಟೇಂಟನ್ನು 300 ಸೆಕೆಂಡು ಸಹಿಸುವ ಟಾಲರೇಷನ್ ತಾನಾಗಿ ಸೇರಿರುತ್ತದೆ. ಹಾಗಾಗಿ ಬದಲಿ ಪಾಡ್ ಬೇರೆಡೆ ಏಳುವುದು ಹತ್ತಿರ ಹತ್ತಿರ ಆರು ನಿಮಿಷದ ಮೇಲೆ. ಧಾರಣೆಯ ವೆಬ್‌ಸೈಟ್‌ಗೆ ಇದು ಹೆಚ್ಚಾಯಿತು ಅನ್ನಿಸಿದರೆ ಆ ಪಾಡ್‌ಗಳಲ್ಲಿ ‘ನಾಟ್ ರೆಡಿ’, ‘ಅನ್‌ರೀಚಬಲ್’ ಎರಡೂ ಟೇಂಟ್‌ಗಳಿಗೆ 30 ಸೆಕೆಂಡಿನ ಟಾಲರೇಷನ್ ಬರೆಯಿರಿ. ಒಂದನ್ನೇ ಬರೆದರೆ ಇನ್ನೊಂದಕ್ಕೆ 300 ಹಾಗೇ ಉಳಿಯುತ್ತದೆ. ಇನ್ನೂ ಒಳ್ಳೆಯ ದಾರಿ, ವೆಬ್‌ಸೈಟಿನ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಸದಾ ಓಡಿಸುವುದು. ಆಗ ಒಂದು ಹೋದರೂ ಓದುಗರಿಗೆ ಹೆಚ್ಚು ಹೊತ್ತು ತೊಂದರೆಯಾಗುವುದಿಲ್ಲ.

ಡೇಟಾಬೇಸ್‌ಗೆ ಮಾತ್ರ ಈ ಅವಸರ ಬೇಡ. ಅದರ ಡಿಸ್ಕ್ ಆರಿಹೋದ ಯಂತ್ರದೊಳಗೇ ಇರುವಾಗ ಪಾಡನ್ನು ಬೇಗ ಎಬ್ಬಿಸಿದರೂ ಹೋಗಲು ಜಾಗವಿಲ್ಲ. ಸ್ಟೇಟ್‌ಫುಲ್‌ಸೆಟ್ ಆಗಿ, ಅಂದರೆ ಪ್ರತಿ ಪಾಡ್‌ಗೂ ಕಾಯಂ ಹೆಸರಿರುವ ಬಗೆಯಲ್ಲಿ, ಓಡುವ ಡೇಟಾಬೇಸ್ ಪಾಡ್ ಇಂಥ ಹೊತ್ತಿನಲ್ಲಿ ‘ಟರ್ಮಿನೇಟಿಂಗ್’ ಎಂದು ತೋರಿಸುತ್ತ ನಿಂತುಬಿಡುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗಿ ಬಲವಂತದಿಂದ ಅಳಿಸಬೇಡಿ. ಹಳೆಯದು ನಿಜವಾಗಿ ನಿಂತಿದೆಯೆಂದು ಖಾತ್ರಿಯಾಗುವವರೆಗೆ ಅದೇ ಹೆಸರಿನ ಎರಡನೆಯ ಪ್ರತಿಯನ್ನು ಎಬ್ಬಿಸಬಾರದೆಂಬ ಎಚ್ಚರಿಕೆ ಅದು. ಕರೆಂಟು ಬಂದ ಮೇಲೆ ತಾನೇ ಸರಿಹೋಗುತ್ತದೆ.

ಆ ಎಚ್ಚರಿಕೆ ಯಾಕೆ ಬೇಕೆಂದರೆ, ಕರೆಂಟು ಹೋಗದೆ ಭದ್ರಾವತಿಯ ಇಂಟರ್ನೆಟ್ ಲೈನು ಮಾತ್ರ ಹೋಗಿರಬಹುದು. ಶಿವಮೊಗ್ಗದಲ್ಲಿ ಕೂತು ಇಡೀ ಕ್ಲಸ್ಟರನ್ನು ನೋಡಿಕೊಳ್ಳುವ ನಿಯಂತ್ರಣ ಭಾಗಕ್ಕೆ (ಕಂಟ್ರೋಲ್ ಪ್ಲೇನ್) ಎರಡೂ ಒಂದೇ ಥರ ಕಾಣುತ್ತವೆ. ಅದು ಭದ್ರಾವತಿಯ ಪಾಡ್‌ಗಳಿಗೆ ಬದಲಿಯನ್ನು ಶಿವಮೊಗ್ಗದಲ್ಲಿ ಎಬ್ಬಿಸುತ್ತದೆ. ಅತ್ತ ಭದ್ರಾವತಿಯ ಹಳೆಯ ಪಾಡ್‌ಗಳು ಏನೂ ಆಗದಂತೆ ಓಡುತ್ತಲೇ ಇರುತ್ತವೆ. ಧಾರಣೆ ತೋರಿಸುವ ಪುಟ ಎರಡು ಕಡೆ ಓಡಿದರೆ ಯಾರಿಗೂ ನಷ್ಟವಿಲ್ಲ. ಎಸ್‌ಎಂಎಸ್ ಕಳಿಸುವ ಕೆಲಸವಾದರೆ ರೈತರಿಗೆ ಎರಡೆರಡು ಸಂದೇಶ ಹೋಗುತ್ತದೆ. ಹಣದ ಲೆಕ್ಕ ಬರೆಯುವ ಕೆಲಸವಾದರೆ ಇನ್ನೂ ಕೆಟ್ಟದ್ದು. ಒಂದೇ ಪ್ರತಿ ಇರಬೇಕಾದ ಯಾವ ಕೆಲಸವನ್ನೂ ಲೈನಿನ ಆಚೆ ಬದಿಗೆ ಬಿಡಬೇಡಿ. ಝೋನ್ ಶಿವಮೊಗ್ಗವೇ ಆಗಬೇಕೆಂಬ ಕಡ್ಡಾಯ ಷರತ್ತಿಗೆ ಇದು ತಕ್ಕ ಜಾಗ.

ಇದೇ ಕಾರಣಕ್ಕೆ ನಿಯಂತ್ರಣ ಭಾಗವನ್ನು ಎರಡೂ ಊರಿಗೆ ಹಂಚಬಾರದು. ನಿಯಂತ್ರಣ ಭಾಗ ಒಂದಕ್ಕಿಂತ ಹೆಚ್ಚು ಯಂತ್ರಗಳಲ್ಲಿದ್ದಾಗ ಕ್ಲಸ್ಟರಿನ ನೆನಪು ಸಾಮಾನ್ಯವಾಗಿ ಇರುವುದು ಎಟ್‌ಸಿಡಿ ಎಂಬ ಸಂಗ್ರಹದಲ್ಲಿ. ಅದರ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಬ್ಬರಿಗೊಬ್ಬರು ಸಿಗುತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಮೂವರಲ್ಲಿ ಒಬ್ಬರು ಹೋದರೆ ತಡೆದುಕೊಳ್ಳುತ್ತದೆ, ಇಬ್ಬರು ಹೋದರೆ ನಿಲ್ಲುತ್ತದೆ. ಎರಡೇ ಊರಿನ ನಡುವೆ ಹೇಗೆ ಹಂಚಿದರೂ ಒಂದು ಕಡೆ ಬಹುಮತ ಇರಲೇಬೇಕು, ಆ ಊರು ಕತ್ತಲಾದರೆ ಹಂಚಿದ್ದರಿಂದ ಏನೂ ಸಿಗಲಿಲ್ಲ. ಅದರ ಮೇಲೆ ಎಟ್‌ಸಿಡಿ ಸದಸ್ಯರಲ್ಲಿ ನಾಯಕನಾದವನು ಉಳಿದವರನ್ನು ಕ್ಷಣಕ್ಷಣಕ್ಕೂ ವಿಚಾರಿಸಿಕೊಳ್ಳುತ್ತಿರುತ್ತಾನೆ, ಮನೆಯ ಬ್ರಾಡ್‌ಬ್ಯಾಂಡ್ ಮಳೆಯಲ್ಲಿ ತಡವರಿಸಿದರೆ ಪದೇ ಪದೇ ನಾಯಕನ ಚುನಾವಣೆ ನಡೆಯುತ್ತದೆ. ತುಂಗಾ-1, 2, 3 ಮೂರನ್ನೂ ನಿಯಂತ್ರಣಕ್ಕೆ ಇಡಿ, ಭದ್ರಾವತಿಯವು ಕೆಲಸದ ಯಂತ್ರಗಳಷ್ಟೇ ಆಗಿರಲಿ. ನಡುವಿನ ದಾರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಬಳಸಿ, ಕೆ3ಎಸ್‌ನಲ್ಲಿ ಅದಕ್ಕೆ ಬೆಂಬಲ ಅಡಕವಾಗಿಯೇ ಇದೆ. ಶಿವಮೊಗ್ಗ ಪೂರ್ತಿ ಆರಿದರೂ ಭದ್ರಾವತಿಯಲ್ಲಿ ಓಡುತ್ತಿರುವ ಪಾಡ್‌ಗಳು ಓಡುತ್ತಿರುತ್ತವೆ, ಹೊಸದು ಏಳುವುದಿಲ್ಲ ಅಷ್ಟೆ. ಕುಬಡ್ಮ್ ಎಂಬ ಸಾಧನದಿಂದ ಕಟ್ಟಿದ ಕ್ಲಸ್ಟರ್‌ನಲ್ಲಿ ನಿಯಂತ್ರಣ ಯಂತ್ರಗಳ ಮೇಲೆ ಟೇಂಟ್ ಮೊದಲೇ ಇರುತ್ತದೆ, ಕೆ3ಎಸ್‌ನಲ್ಲಿ ಇರುವುದಿಲ್ಲ. ಆರೇ ಯಂತ್ರಗಳಿರುವಾಗ ಮೂರನ್ನು ಖಾಲಿ ಕೂರಿಸುವುದು ನಮಗೆ ಕಟ್ಟದು, ಟೇಂಟ್ ಇಲ್ಲದಿರುವುದೇ ಅನುಕೂಲ.

ವೆಬ್‌ಸೈಟಿನ ಪ್ರತಿಗಳನ್ನು ಎರಡೂ ಊರಿಗೆ ಹಂಚಲು ‘ಟೋಪಾಲಜಿ ಸ್ಪ್ರೆಡ್’ ಷರತ್ತು ಇದೆ. ಝೋನ್‌ಗಳ ನಡುವೆ ಪ್ರತಿಗಳ ವ್ಯತ್ಯಾಸ ಒಂದಕ್ಕಿಂತ ಹೆಚ್ಚಾಗದಿರಲಿ ಎಂದು ಬರೆಯಬಹುದು. ಅದನ್ನು ‘ಷೆಡ್ಯೂಲ್ ಎನಿವೇ’ ಎಂದೇ ಇಡಿ. ಕಡ್ಡಾಯ ಮಾಡಿದರೆ ಭದ್ರಾವತಿ ಆರಿದ ದಿನ ಅಲ್ಲಿ ಕೂರಿಸಲೂ ಆಗದೆ, ವ್ಯತ್ಯಾಸ ಹೆಚ್ಚೀತೆಂದು ಇಲ್ಲಿ ಕೂರಿಸಲೂ ಒಪ್ಪದೆ ಪಾಡ್‌ಗಳು ಕಾಯತೊಡಗುತ್ತವೆ. ಟೇಂಟ್ ಬಿದ್ದ ಯಂತ್ರವನ್ನೂ ಅದು ಮಾಮೂಲಾಗಿ ಲೆಕ್ಕಕ್ಕೆ ಹಿಡಿಯುವುದರಿಂದ ಹೀಗಾಗುತ್ತದೆ.

ಮೊದಲೇ ತಿಳಿದ ವಿದ್ಯುತ್ ವ್ಯತ್ಯಯಕ್ಕೆ ಬೇರೆ ಕ್ರಮ. ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ’ ಎಂದು ಮೆಸ್ಕಾಂ ಪ್ರಕಟಣೆಯಲ್ಲಿ ನಿಮ್ಮ ಬಡಾವಣೆಯ ಹೆಸರು ಬಂದರೆ ಹಿಂದಿನ ರಾತ್ರಿಯೇ ಬ್ಯಾಟರಿ ಸಾಲದ ಯಂತ್ರಗಳನ್ನು ಖಾಲಿ ಮಾಡಿ. ‘ಕಾರ್ಡನ್’ ಆಜ್ಞೆ ಹೊಸ ಪಾಡ್‌ಗಳನ್ನು ತಡೆಯುತ್ತದೆ. ‘ಡ್ರೈನ್’ ಅದರ ಜೊತೆಗೆ ಇರುವ ಪಾಡ್‌ಗಳನ್ನೂ ಕ್ರಮವಾಗಿ ತೆರವು ಮಾಡುತ್ತದೆ. ಡೀಮನ್‌ಸೆಟ್‌ಗಳನ್ನು ಬಿಟ್ಟುಬಿಡು ಎಂಬ ಸೂಚನೆಯನ್ನು ಡ್ರೈನ್ ಜೊತೆ ಕೊಡಬೇಕು, ಇಲ್ಲದಿದ್ದರೆ ಅದು ಮುಂದುವರಿಯುವುದಿಲ್ಲ. ಕನಿಷ್ಠ ಒಂದು ಪ್ರತಿಯಾದರೂ ಓಡುತ್ತಿರಲೇಬೇಕೆಂಬ ಕೆಲಸಕ್ಕೆ ‘ಪಾಡ್ ಡಿಸ್‌ರಪ್ಷನ್ ಬಜೆಟ್’ ಬರೆದಿಟ್ಟರೆ ಡ್ರೈನ್ ಅದನ್ನು ಗೌರವಿಸುತ್ತದೆ. ಕರೆಂಟು ಬಂದ ಮೇಲೆ ‘ಅನ್‌ಕಾರ್ಡನ್’. ಅದಾದರೂ ಹೋದ ಪಾಡ್‌ಗಳು ತಾವಾಗಿ ಹಿಂದಿರುಗುವುದಿಲ್ಲ. ಒಂದೇ ಯಂತ್ರದಲ್ಲಿ ಒತ್ತಾಗಿ ಕೂತಿದ್ದರೆ ‘ರೋಲ್‌ಔಟ್ ರೀಸ್ಟಾರ್ಟ್’ ಕೊಟ್ಟು ಮತ್ತೆ ಹಂಚಿಸಿಕೊಳ್ಳಬೇಕು.

ಕಾಲೇಜು ಲ್ಯಾಬ್‌ನಲ್ಲಿ

ಲ್ಯಾಬಿನ ಕ್ಲಸ್ಟರನ್ನು ಹಲವು ತಂಡಗಳು ಹಂಚಿಕೊಂಡಾಗ ಪ್ರತಿ ವಿದ್ಯಾರ್ಥಿಯೂ ಸೆಲೆಕ್ಟರ್ ಸರಿಯಾಗಿ ಬರೆಯುತ್ತಾನೆಂದು ನಂಬಿ ಕೂರಲಾಗದು. ತಂಡಕ್ಕೊಂದು ನೇಮ್‌ಸ್ಪೇಸ್, ಅಂದರೆ ಕ್ಲಸ್ಟರಿನೊಳಗೆ ಪ್ರತ್ಯೇಕ ವಿಭಾಗ, ಕೊಟ್ಟು, ‘ಪಾಡ್ ನೋಡ್ ಸೆಲೆಕ್ಟರ್’ ಎಂಬ ಅಡ್ಮಿಷನ್ ಪ್ಲಗಿನ್ ಚಾಲೂ ಮಾಡಿದರೆ ಆ ನೇಮ್‌ಸ್ಪೇಸಿನ ಪ್ರತಿ ಪಾಡ್‌ಗೂ ನೀವು ನಿಗದಿ ಮಾಡಿದ ಸೆಲೆಕ್ಟರ್ ತಾನಾಗಿ ಸೇರುತ್ತದೆ. ವಿರುದ್ಧವಾಗಿ ಬರೆದ ಪಾಡ್ ಒಳಗೇ ಬರುವುದಿಲ್ಲ. ಇದು ಮಾಮೂಲಾಗಿ ಚಾಲೂ ಇರುವುದಿಲ್ಲ. ಕೆ3ಎಸ್‌ನಲ್ಲಿ ಚಾಲೂ ಮಾಡುವಾಗ ಮೊದಲೇ ಇರುವ ‘ನೋಡ್ ರಿಸ್ಟ್ರಿಕ್ಷನ್’ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿ, ಇಲ್ಲದಿದ್ದರೆ ಅದು ಕಳಚಿಹೋಗುತ್ತದೆ. ಅದು ಯಾಕೆ ಬೇಕೆಂದರೆ, ‘ನೋಡ್-ರಿಸ್ಟ್ರಿಕ್ಷನ್.ಕುಬರ್ನೆಟಿಸ್.ಐಒ/’ ಎಂದು ಶುರುವಾಗುವ ಲೇಬಲ್‌ಗಳನ್ನು ಯಂತ್ರ ತನಗೆ ತಾನೇ ಹಾಕಿಕೊಳ್ಳದಂತೆ ಅದು ತಡೆಯುತ್ತದೆ. ಅಂಕಪಟ್ಟಿಯಂಥ ಗುಟ್ಟಿನ ಮಾಹಿತಿಯ ಕೆಲಸ ನಡೆಯುವ ಯಂತ್ರಗಳನ್ನು ಈ ಬಗೆಯ ಲೇಬಲ್‌ನಿಂದಲೇ ಗುರುತಿಸಿ. ಇಲ್ಲವಾದರೆ ಯಾರದೋ ಕೈವಶವಾದ ಯಂತ್ರವೊಂದು ‘ನಾನೂ ಸುರಕ್ಷಿತ’ ಎಂದು ಲೇಬಲ್ ಅಂಟಿಸಿಕೊಂಡು ಆ ಕೆಲಸವನ್ನು ತನ್ನತ್ತ ಎಳೆದುಕೊಳ್ಳಬಹುದು.

ಇಷ್ಟೆಲ್ಲ ಬೇಡ, ಮೂರು ಯಂತ್ರ ಸಾಕು ಎನ್ನುವವರಿಗೆ ಡಾಕರ್ ಸ್ವಾರ್ಮ್ ಇದೆ. ಅದರಲ್ಲೂ ಯಂತ್ರಕ್ಕೆ ಲೇಬಲ್ ಹಾಕಿ, ಸರ್ವಿಸ್ ಶುರು ಮಾಡುವಾಗ ‘ಕನ್‌ಸ್ಟ್ರೈಂಟ್’ ಎಂದು ಷರತ್ತು ಕೊಡಬಹುದು, ಡ್ರೈನ್ ಮಾಡಬಹುದು. ಟೇಂಟ್ ಇಲ್ಲ.

ಪಾಡ್ ಕಾಯುತ್ತ ಕೂತಾಗ

‘ಪೆಂಡಿಂಗ್’ ಎಂದು ತೋರಿಸುವ ಪಾಡ್ ಏನನ್ನೋ ಕಾಯುತ್ತಿದೆ, ಮತ್ತು ಅದನ್ನು ಬಾಯಿಬಿಟ್ಟು ಹೇಳುತ್ತಿದೆ. ‘ಕುಬ್‌ಸಿಟಿಎಲ್ ಡಿಸ್‌ಕ್ರೈಬ್ ಪಾಡ್’ ಎಂದು ಪಾಡಿನ ಹೆಸರು ಕೊಟ್ಟು, ಕೊನೆಯ ‘ಈವೆಂಟ್ಸ್’ ಭಾಗ ಓದಿ. ಆರರಲ್ಲಿ ಒಂದೂ ಸಿಗಲಿಲ್ಲ, ಮೂರು ಸೆಲೆಕ್ಟರ್‌ಗೆ ಹೊಂದಲಿಲ್ಲ, ಎರಡರ ಟೇಂಟನ್ನು ಸಹಿಸಿಲ್ಲ, ಒಂದರಲ್ಲಿ ಮೆಮೊರಿ ಸಾಲದು ಎಂದು ಯಂತ್ರಗಳ ಲೆಕ್ಕ ಅಲ್ಲಿ ಸಿಗುತ್ತದೆ. ಅಂಕಿಗಳನ್ನು ಕೂಡಿ, ಆರಕ್ಕೆ ಆರು ಸರಿಹೋಗುತ್ತದೆಯೇ ನೋಡಿ. ಸೆಲೆಕ್ಟರ್‌ಗೆ ಹೊಂದಲಿಲ್ಲ ಎಂದು ಆರೂ ಬಂದರೆ ಕಾಗುಣಿತ ತಪ್ಪಿರುವುದೇ ಹೆಚ್ಚು: ಯಂತ್ರದಲ್ಲಿ ಒಂದು ಥರ, ಕಡತದಲ್ಲಿ ಇನ್ನೊಂದು ಥರ ಬರೆದಿರುತ್ತೀರಿ. ‘ವಾಲ್ಯೂಮ್ ನೋಡ್ ಅಫಿನಿಟಿ’ ಎಂಬ ಮಾತು ಕಂಡರೆ ಡೇಟಾ ಬೇರೆ ಯಂತ್ರದಲ್ಲಿ ಉಳಿದಿದೆ ಎಂದರ್ಥ.

ಎಲ್ಲ ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಮಳೆ ಶುರುವಾಗುವ ಮುನ್ನ, ಮೇ ತಿಂಗಳ ಒಂದು ಭಾನುವಾರ ಬ್ಯಾಕಪ್ ತೆಗೆದಿಟ್ಟು, ಡೇಟಾಬೇಸ್ ಇಲ್ಲದ ತುಂಗಾ-2ರ ನೆಟ್‌ವರ್ಕ್ ಕೇಬಲ್ ಕಿತ್ತು ಗಡಿಯಾರ ನೋಡಿ. ಇನ್ನೊಂದು ಪರದೆಯಲ್ಲಿ ‘ಕುಬ್‌ಸಿಟಿಎಲ್ ಗೆಟ್ ಪಾಡ್ಸ್’ ಆಜ್ಞೆಯನ್ನು ‘ವೈಡ್’ ಮತ್ತು ‘ವಾಚ್’ ಸೂಚನೆಗಳೊಂದಿಗೆ ಬಿಟ್ಟರೆ ಯಾವ ಪಾಡ್ ಯಾವ ಯಂತ್ರಕ್ಕೆ ಹೋಯಿತೆಂದು ಸಾಲು ಸಾಲಾಗಿ ಕಾಣುತ್ತದೆ. ವೆಬ್‌ಸೈಟ್ ಎಷ್ಟು ಸೆಕೆಂಡಿನಲ್ಲಿ ಮರಳಿತು, ಯಾವುದು ಪೆಂಡಿಂಗ್ ಆಯಿತು, ಹೋಗಬಾರದ ಕಡೆ ಯಾವುದು ಹೋಯಿತು ಎಂದು ಬರೆದುಕೊಳ್ಳಿ. ಕೇಬಲ್ ಮತ್ತೆ ಹಾಕಿ, ಕಡತ ತಿದ್ದಿ. ಆಮೇಲೆ ಭದ್ರಾವತಿಗೆ ಹೋಗಿ ಅಲ್ಲಿನ ರೌಟರನ್ನು ಆಫ್ ಮಾಡಿ ಇದೇ ಪರೀಕ್ಷೆ ನಡೆಸಿ. ಆಗ ಮಾತ್ರ ಎರಡೂ ಕಡೆ ಒಟ್ಟಿಗೆ ಓಡುವ ಪಾಡ್‌ಗಳು ಯಾವುವೆಂದು ಗೊತ್ತಾಗುತ್ತದೆ.